ಇಬ್ಬರೇ ಉಳಿದಾಗ

ಕಳೆದ ಅಕ್ಟೋಬರಿನ ಒಂದು ಭಾನುವಾರ ನಾವು ನಾಲ್ವರು ನ್ಯೂಕ್ಯಾಸಲ್‌ನಿಂದ ಮೆಟ್ರೋ ಹತ್ತಿ ಜ್ಯಾರೋಗೆ ಹೋಗಿದ್ವಿ. ಎಲ್ಲರೂ ಇಂಜಿನಿಯರಿಂಗ್ ಮುಗಿಸಿ ಬಂದವರು, ಇತಿಹಾಸವನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟವರು. ನಿಜ ಹೇಳಬೇಕೆಂದರೆ ಹೋಗಿದ್ದು ಸಂಘದ ವಿಷಯ ಮಾತಾಡೋಕೆ. ಸೀನಿಯರ್‌ಗಳೆಲ್ಲ ಕೋರ್ಸ್ ಮುಗಿಸಿ ಹೊರಟುಹೋಗಿದ್ದರು. ಇರೋ ಹತ್ತು ಜನಕ್ಕೆ ರಾಜ್ಯೋತ್ಸವ ಯಾಕೆ, ಕೈಬಿಡೋಣ ಅನ್ನೋ ಮಾತು ನಡೆದಿತ್ತು.

ಜ್ಯಾರೋದ ಸೇಂಟ್ ಪಾಲ್ಸ್ ಚರ್ಚಿನಲ್ಲಿ, ಕಮಾನಿನ ಮೇಲೆ, ಲ್ಯಾಟಿನ್ ಶಾಸನವೊಂದಿದೆ. ಚರ್ಚಿನ ಪ್ರತಿಷ್ಠೆಯಾದ ದಿನ ಅದರಲ್ಲಿದೆ. ಇಂದಿನ ಲೆಕ್ಕದಲ್ಲಿ 685ರ ಏಪ್ರಿಲ್ 23. ದೊರೆ ಎಕ್‌ಫ್ರಿತ್ ಹೆಸರಿನ ಜೊತೆ ಮಠಾಧಿಪತಿ ಚೆಯೋಲ್‌ಫ್ರಿತ್ ಹೆಸರೂ ಇದೆ.

ಉಳಿದ ಕಥೆ ಮಣ್ಣಿನಡಿ ಇತ್ತು. 1963ರಿಂದ 1978ರವರೆಗೆ ರೋಸ್‌ಮೇರಿ ಕ್ರ್ಯಾಂಪ್ ಅವರ ತಂಡ ಇಲ್ಲಿ ಅಗೆದಾಗ, ಚರ್ಚಿನ ದಕ್ಷಿಣಕ್ಕೆ ಒಂದೇ ಸಾಲಿನಲ್ಲಿ ಎರಡು ಉದ್ದನೆಯ ಕಟ್ಟಡಗಳ ಬುನಾದಿ ಸಿಕ್ಕಿತು. ಒಂದು ಊಟದ ಮನೆ, ಇನ್ನೊಂದು ಸಭೆ ಸೇರುವ ಜಾಗ ಅಂತ ಊಹೆ. ಜೊತೆಗೆ ಬಣ್ಣಬಣ್ಣದ ಗಾಜಿನ ಚೂರುಗಳು. ಅವನ್ನೇ ಜೋಡಿಸಿ ಒಂದು ಪುಟ್ಟ ಕಿಟಕಿಗೆ ಕೂರಿಸಿದ್ದಾರೆ. ಅವಳಿ ಮಠ ಮಂಕ್‌ವೇರ್‌ಮೌತ್ ಕಟ್ಟುವಾಗ ಇಲ್ಲಿ ಗಾಜಿನ ಕೆಲಸ ಗೊತ್ತಿದ್ದವರೇ ಇರಲಿಲ್ಲವಂತೆ. ಸ್ಥಾಪಕ ಬೆನೆಡಿಕ್ಟ್ ಬಿಸ್ಕಪ್ ಗಾಲ್‌ನಿಂದ, ಅಂದರೆ ಈಗಿನ ಫ್ರಾನ್ಸ್ ಕಡೆಯಿಂದ, ಕೆಲಸಗಾರರನ್ನು ಕರೆಸಿದ. ಬಂದವರು ಇಲ್ಲಿನವರಿಗೂ ಕಲಿಸಿದರು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಚರ್ಚ್ ಎದ್ದ ಸ್ವಲ್ಪ ಕಾಲದಲ್ಲೇ ಪ್ಲೇಗ್ ಬಂತು. ಹಾಡಬಲ್ಲವರಲ್ಲಿ ಉಳಿದವರು ಇಬ್ಬರೇ: ಚೆಯೋಲ್‌ಫ್ರಿತ್, ಮತ್ತೊಬ್ಬ ಪುಟ್ಟ ಹುಡುಗ. ಆ ಹುಡುಗನೇ ಮುಂದೆ ಇತಿಹಾಸಕಾರನಾದ ಬೀಡ್ ಅಂತ ಹಲವರು ನಂಬುತ್ತಾರೆ. ಇಬ್ಬರಿಂದ ಪೂರ್ತಿ ಆಗೋದಿಲ್ಲ ಅಂತ, ಬಹುಪಾಲು ಪ್ರಾರ್ಥನೆಗಳಲ್ಲಿ ಕೀರ್ತನೆಗಳ ಪಲ್ಲವಿ ಬಿಟ್ಟು ಹಾಡಿದರು. ಒಂದು ವಾರ ನಡೆಯಿತು, ಅಳುತ್ತಲೇ. ಆಮೇಲೆ ಚೆಯೋಲ್‌ಫ್ರಿತ್‌ಗೆ ತಡೆಯಲಾಗಲಿಲ್ಲ. ಎಷ್ಟೇ ಕಷ್ಟವಾದರೂ ಪೂರ್ತಿಯೇ ಹಾಡೋಣ ಅಂದ. ಬೇರೆಯವರು ಸೇರುವವರೆಗೆ, ಕಲಿಯುವವರೆಗೆ ಇಬ್ಬರೇ ಹಾಡಿದರು. 716ರಲ್ಲಿ ಅವನು ರೋಮಿಗೆ ಹೊರಟಾಗ ಎರಡೂ ಮಠಗಳಲ್ಲಿ ಆರುನೂರಕ್ಕೂ ಹೆಚ್ಚು ಜನರಿದ್ದರಂತೆ.

ನಮ್ಮ ಮೇಲೆ ಪ್ಲೇಗ್ ಏನೂ ಬಂದಿರಲಿಲ್ಲ, ಬರೀ ಅಸೈನ್‌ಮೆಂಟ್ ಡೆಡ್‌ಲೈನ್‌ಗಳಿದ್ದವು. ವಾಪಸ್ ಬರುವಾಗ ಮೆಟ್ರೋದಲ್ಲಿ ಯಾರೂ ಹಾಲ್ ಬುಕಿಂಗ್ ಕ್ಯಾನ್ಸಲ್ ಮಾಡುವ ಮಾತೆತ್ತಲಿಲ್ಲ. ನಾಡಗೀತೆಯನ್ನೂ ಚಿಕ್ಕದು ಮಾಡೋದು ಬೇಡ ಅಂತಾಯಿತು.

ಬಂದವರು ಹದಿಮೂರು ಜನ. ಚಿತ್ರಾನ್ನ ಮಾತ್ರ ಮೂವತ್ತು ಜನರಿಗಾಗುವಷ್ಟಿತ್ತು. ಹಾಡಿನಲ್ಲಿ ಎರಡು ಕಡೆ ತಾಳ ತಪ್ಪಿತು, ಆದರೂ ಕೊನೆಯ ಸಾಲಿನವರೆಗೆ ಹಾಡಿದ್ವಿ.