ಚಕ್ರಕ್ಕೆ ತೊಡಿಸುವ ಬಳೆ

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವ ಕೆಲಸವು ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಸಣ್ಣದೊಂದು ಉತ್ಸವದಂತೆ ನಡೆಯುತ್ತಿತ್ತು. ಕಮ್ಮಾರನು ಚಕ್ರದ ಸುತ್ತಳತೆಗಿಂತ ತುಸು ಕಿರಿದಾಗಿಯೇ ಪಟ್ಟಿಯನ್ನು ಬಾಗಿಸಿ ಬೆಸೆಯುತ್ತಿದ್ದನು. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಬೆರಣಿಯನ್ನು ಒಟ್ಟಿ ಬೆಂಕಿ ಹಚ್ಚಿದರೆ ಕಬ್ಬಿಣವು ಕಾದು ಹಿಗ್ಗುತ್ತಿತ್ತು. ಮೂರು ನಾಲ್ಕು ಜನರು ಇಕ್ಕಳಗಳಿಂದ ಅದನ್ನು ಎತ್ತಿ ಮರದ ಚಕ್ರದ ಮೇಲೆ ಇಳಿಸಿ, ಒಡನೆಯೇ ನೀರು ಸುರಿಯುತ್ತಿದ್ದರು. ಬುಸ್ಸೆಂದು ಹಬೆಯೇಳುತ್ತಿದ್ದಂತೆ ಕಬ್ಬಿಣವು ಕುಗ್ಗಿ ಚಕ್ರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಇದಕ್ಕೆ ಬೆಂಕಿ ಬೇಕು, ಜನ ಬೇಕು, ಅನುಭವಸ್ಥನ ಕಣ್ಣು ಬೇಕು. ಮನೆಯ ಅಂಗಳದಲ್ಲಿ ಒಬ್ಬನೇ ಕುಳಿತು ಮಾಡುವ ಕೆಲಸ ಅದಲ್ಲ.

ರಬ್ಬರಿನ ಟೈರಿನ ಸಂಗತಿ ಬೇರೆ. ಮೋಟಾರು ಸೈಕಲ್ಲಿನ ಟೈರಿನ ಎರಡು ಅಂಚುಗಳಲ್ಲಿಯೂ ಉಕ್ಕಿನ ತಂತಿಯ ಬಳೆಗಳು ಹುದುಗಿರುತ್ತವೆ. ರಬ್ಬರು ಹಿಗ್ಗೀತು, ಆ ತಂತಿ ಹಿಗ್ಗದು. ಆ ಬಳೆಯ ಅಗಲವು ಅದು ಕುಳಿತುಕೊಳ್ಳುವ ರಿಮ್ಮಿನ ಹೊರ ಅಂಚಿಗಿಂತ ಕಿರಿದಾಗಿರುತ್ತದೆ. ಹಾಗಿಲ್ಲದಿದ್ದರೆ ಓಡುವ ಚಕ್ರದಿಂದ ಟೈರು ಕಳಚಿಕೊಂಡು ಬೀಳುತ್ತಿತ್ತು. ಹಿಗ್ಗದ ಕಿರಿಯ ಬಳೆಯನ್ನು ಹಿರಿಯ ಅಂಚಿನ ಮೇಲಿಂದ ದಾಟಿಸುವುದು ಹೇಗೆ? ಇಲ್ಲಿ ಬೆಂಕಿಯಿಲ್ಲ, ನಾಲ್ಕು ಜನರಿಲ್ಲ. ಎರಡು ಕೈಗಳೂ ಎರಡು ಮೂರು ಕಬ್ಬಿಣದ ಲಿವರುಗಳೂ ಇದ್ದರೆ ಸಾಕು. ಈ ಒಗಟನ್ನು ಬಿಡಿಸಲು ಮನುಷ್ಯನು ಕೆಲವು ವರ್ಷಗಳನ್ನೇ ತೆಗೆದುಕೊಂಡನು.

ಗಾಳಿ ತುಂಬಿದ ಟೈರಿಗೆ ಮೊದಲು ಹಕ್ಕುಪತ್ರ ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರು. ಅದು 1845ರ ಮಾತು. ಆದರೆ ಆ ಕಾಲದಲ್ಲಿ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದೇ ಬಗೆಯ ಟೈರನ್ನು ಹೊಸದಾಗಿ ಕಂಡುಹಿಡಿದನು. ಸವಾರಿಯ ಕುಲುಕಾಟ ತಗ್ಗಿತು, ವೇಗವೂ ಹೆಚ್ಚಿತು. ಆದರೆ ಆ ಟೈರನ್ನು ರಿಮ್ಮಿಗೆ ಅಂಟಿಸಲಾಗುತ್ತಿತ್ತು. ಮುಳ್ಳು ಚುಚ್ಚಿದರೆ ಅಂಟನ್ನು ಬಿಡಿಸಬೇಕು, ಹರಿದುದನ್ನು ಸರಿಪಡಿಸಬೇಕು, ಮತ್ತೆ ಅಂಟಿಸಿ ಒಣಗಲು ಬಿಡಬೇಕು.

1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ ಫೆರಾಂ ಊರಿನಲ್ಲಿದ್ದ ಮಿಷೆಲಿನ್ ಸೋದರರ ರಬ್ಬರು ಕಾರ್ಖಾನೆಗೆ ಸೈಕಲ್ ಸವಾರನೊಬ್ಬನು ಇಂಥದೇ ಟೈರಿನೊಂದಿಗೆ ಬಂದನು. ಅದನ್ನು ಸರಿಪಡಿಸಲು ಮೂರು ಗಂಟೆಗಳು ಹಿಡಿದವು. ಅಂಟು ಒಣಗಲು ಒಂದು ರಾತ್ರಿಯೇ ಬೇಕಾಯಿತು. ಮರುದಿನ ಕಿರಿಯ ಸೋದರನಾದ ಎದುವಾರ್ ಅದನ್ನೇರಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೈರು ಮತ್ತೆ ಕೈಕೊಟ್ಟಿತು. ಸವಾರಿಯ ಹಿತ ಮಾತ್ರ ಅವನ ಮನಸ್ಸಿನಲ್ಲಿ ಉಳಿಯಿತು. ಗಾಳಿಯ ಟೈರೇ ಮುಂದಿನ ಕಾಲದ ಟೈರು. ಆದರೆ ಅದನ್ನು ಯಾವ ನಿಪುಣನ ಹಂಗೂ ಇಲ್ಲದೆ ಸವಾರನೇ ಬೇಗನೆ ಕಳಚಿ ತೊಡಿಸುವಂತಾಗಬೇಕು ಎಂದು ಅವನು ಬಗೆದನು. 1891ರಲ್ಲಿ ತಿರುಪುಗಳಿಂದ ಬಿಗಿಯುವ, ಕಳಚಬಹುದಾದ ಟೈರಿಗೆ ಆ ಸೋದರರು ಹಕ್ಕುಪತ್ರ ಪಡೆದರು. ಅದೇ ವರ್ಷ ಶಾರ್ಲ್ ತೆರೋಂ ಎಂಬ ಸವಾರನು ಆ ಟೈರುಗಳ ಮೇಲೆ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರುಗಳ ಸ್ಪರ್ಧೆಯಲ್ಲಿ ಗೆದ್ದನು. ಮರುವರ್ಷ ತಾವೇ ಏರ್ಪಡಿಸಿದ ಸ್ಪರ್ಧೆಯೊಂದರ ದಾರಿಯಲ್ಲಿ ಆ ಸೋದರರು ಬೇಕೆಂದೇ ಮೊಳೆಗಳನ್ನು ಚೆಲ್ಲಿಸಿದರೆಂದು ಪ್ರಸಿದ್ಧಿಯಿದೆ. ಟೈರು ತೂತಾಗದು ಎಂದು ತೋರಿಸುವುದು ಅವರ ಉದ್ದೇಶವಾಗಿರಲಿಲ್ಲ. ತೂತಾದರೂ ಹೆದರಬೇಕಾಗಿಲ್ಲ ಎಂದು ತೋರಿಸುವುದಾಗಿತ್ತು.

ಆದರೆ ಇಂದಿನವರೆಗೆ ಬಾಳಿ ಬಂದಿರುವ ಉಪಾಯವು ಚಾರ್ಲ್ಸ್ ಕಿಂಗ್ಸ್‌ಟನ್ ವೆಲ್ಚ್ ಎಂಬ ಇಂಗ್ಲಿಷಿನವನದು. 1890ರಲ್ಲಿ ಅವನು ಟೈರಿನ ಅಂಚಿನಲ್ಲಿ ಹಿಗ್ಗದ ತಂತಿಯನ್ನಿಟ್ಟನು. ರಿಮ್ಮಿನ ನಡುವೆ ಒಂದು ಹಳ್ಳವನ್ನು ಮಾಡಿದನು. ಅಂಟು ಬೇಡ, ತಿರುಪು ಬೇಡ. ಆ ಹಳ್ಳದಲ್ಲಿಯೇ ಎಲ್ಲ ಗುಟ್ಟೂ ಅಡಗಿತ್ತು.

ಮನೆಯಲ್ಲಿ ಟೈರು ಕಳಚಲು ಮೊದಲ ಸಲ ಕುಳಿತ ಹುಡುಗನಿಗೆ ಈ ಹಳ್ಳವು ಕಾಣುವುದಿಲ್ಲ. ಅವನ ಕಣ್ಣೆಲ್ಲ ಲಿವರಿನ ತುದಿಯಲ್ಲಿರುತ್ತದೆ. ವಿಜ್ಞಾನದ ಪಾಠದಲ್ಲಿ ಸನ್ನೆಯ ವಿಷಯ ಓದಿರುವುದರಿಂದ, ಕೋಲು ಉದ್ದವಾದಷ್ಟೂ ಬಲ ಹೆಚ್ಚೆಂಬ ಧೈರ್ಯ ಅವನಿಗಿರುತ್ತದೆ. ಒಂದು ಕಡೆ ಲಿವರನ್ನು ತೂರಿಸಿ ಮೀಟುತ್ತಾನೆ. ಅಂಚು ತುಸು ಏಳುತ್ತದೆ. ಕೈ ಬಿಟ್ಟರೆ ಟಪ್ಪೆಂದು ಹಿಂದಕ್ಕೆ ಕೂರುತ್ತದೆ. ಇನ್ನಷ್ಟು ಬಲ ಹಾಕುತ್ತಾನೆ. ಬೆವರು ಹರಿಯುತ್ತದೆ, ಬೆರಳ ಗೆಣ್ಣು ತರಚುತ್ತದೆ. ಟೈರು ಮಾತ್ರ ಜಪ್ಪಯ್ಯ ಎನ್ನುವುದಿಲ್ಲ. ಇಂಥ ಹೊತ್ತಿನಲ್ಲಿ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಮಾವ, ಎಷ್ಟು ಮೀಟಿದರೂ ಬರುತ್ತಿಲ್ಲ. ಇದಕ್ಕಿಂತ ಉದ್ದದ ಲಿವರು ಬೇಕು.”

“ಲಿವರು ಸರಿಯಾಗಿಯೇ ಇದೆ ಕಣಪ್ಪ. ನೀನು ಮೀಟುವ ಕಡೆಯನ್ನು ಬಿಟ್ಟು ಅದರ ಎದುರು ಕಡೆಯನ್ನು ನೋಡು. ಅಲ್ಲಿ ಮಂಡಿಯೂರಿ ಅಂಚನ್ನು ಹಳ್ಳಕ್ಕೆ ಇಳಿಸು.”

ಹುಡುಗನು ಎದುರು ಕಡೆ ಮಂಡಿಯೂರುತ್ತಾನೆ. ಅಂಚು ರಿಮ್ಮಿನ ನಡುಹಳ್ಳಕ್ಕೆ ಜಾರುತ್ತದೆ. ಅಲ್ಲಿ ಒಂದು ಬೆರಳಷ್ಟು ಇಳಿದರೆ ಇಲ್ಲಿ ಅಷ್ಟೇ ಸಡಿಲವು ದೊರೆಯುತ್ತದೆ. ಈಗ ಲಿವರನ್ನು ಮೆಲ್ಲಗೆ ಎತ್ತಿದರೂ ಸಾಕು, ಸೊಂಟಕ್ಕೇರಿದ ಮಗು ಇಳಿಯುವಂತೆ ಅಂಚು ಹೊರಗೆ ಬರುತ್ತದೆ.

ಬಳೆ ತೊಡುವ ಹೆಣ್ಣುಮಕ್ಕಳಿಗೆ ಈ ತತ್ತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಗಾಜಿನ ಬಳೆ ಹಿಗ್ಗದು. ಬಲಾತ್ಕಾರ ಮಾಡಿದರೆ ಒಡೆದೀತು. ಬಳೆಗಾರನು ಬಳೆಯೊಡನೆ ಜಗಳವಾಡುವುದಿಲ್ಲ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಕೈಯನ್ನು ಮೃದುವಾಗಿ ಒತ್ತಿ ಕಿರಿದು ಮಾಡುತ್ತಾನೆ. ಕೈ ಎಡೆಗೊಟ್ಟರೆ ಬಳೆ ತಾನಾಗಿ ಏರುತ್ತದೆ. ಟೈರಿನ ತಂತಿಯೂ ಹಾಗೆಯೇ. ಹಿಗ್ಗದುದನ್ನು ಹಿಗ್ಗಿಸಲು ಹೆಣಗುವುದು ವ್ಯರ್ಥ. ಅದಕ್ಕೆ ಎಡೆ ಎಲ್ಲಿದೆಯೆಂದು ಹುಡುಕುವುದು ಜಾಣತನ.

ಇಷ್ಟನ್ನು ಅರಿತ ಮೇಲೆ ಉಳಿದುದೆಲ್ಲ ಕ್ರಮದ ಮಾತು. ವಾಹನವನ್ನು ಭದ್ರವಾಗಿ ನಿಲ್ಲಿಸಿ ಚಕ್ರವನ್ನು ಬಿಚ್ಚಬೇಕು. ವಾಲ್ವಿನ ಒಳಪಿನ್ನನ್ನು ತೆಗೆದು ಗಾಳಿಯನ್ನು ಸಂಪೂರ್ಣವಾಗಿ ಬಿಡಬೇಕು. ಬಹುಕಾಲ ಕಳಚದ ಟೈರು ರಿಮ್ಮಿಗೆ ಅಂಟಿಕೊಂಡಿರುತ್ತದೆ. ಆದುದರಿಂದ ಎರಡು ಮಗ್ಗುಲುಗಳಲ್ಲಿಯೂ ಸುತ್ತಲೂ ತುಳಿದು ಅದನ್ನು ಬಿಡಿಸಬೇಕು. ಸಾಬೂನಿನ ನೀರನ್ನು ಅಂಚಿಗೆ ಸವರಿದರೆ ಕೆಲಸವು ಸಲೀಸಾಗುತ್ತದೆ; ಎಣ್ಣೆಯನ್ನು ಸವರಬಾರದು, ಅದು ರಬ್ಬರನ್ನು ಕೆಡಿಸುತ್ತದೆ. ಮೀಟುವ ಕೆಲಸವನ್ನು ವಾಲ್ವಿನ ಬಳಿ ಆರಂಭಿಸಬೇಕು. ಏಕೆಂದರೆ ವಾಲ್ವಿನ ಬುಡವು ಹಳ್ಳದಲ್ಲಿ ಸ್ಥಳ ಹಿಡಿದಿರುವುದರಿಂದ ಅಂಚು ಅಲ್ಲಿ ಪೂರ್ತಿ ಇಳಿಯದು. ಎದುರು ಕಡೆ ಇಳಿಯುತ್ತದೆ. ಒಂದೊಂದು ಸಲಕ್ಕೆ ಎರಡು ಮೂರು ಬೆರಳಿನಷ್ಟು ಅಂತರವನ್ನು ಮಾತ್ರ ಮೀಟುತ್ತ ಸಾಗಬೇಕು. ಅತ್ಯಾಶೆಯಿಂದ ಗೇಣುದ್ದ ಮೀಟಲು ಹೋದವನಿಗೆ ಬಾಗಿದ ರಿಮ್ಮೇ ಫಲ.

ಟ್ಯೂಬನ್ನು ಹೊರಗೆಳೆದು ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಗುಳ್ಳೆಗಳ ಸಾಲು ತೂತಿನ ವಿಳಾಸವನ್ನು ಹೇಳುತ್ತದೆ. ಅಲ್ಲಿ ಮರಳುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ತುಸು ಆರಿದ ಮೇಲೆ ಪ್ಯಾಚನ್ನು ಒತ್ತಬೇಕು. ಅವಸರದವರು ಹಸಿಯಾಗಿರುವಾಗಲೇ ಒತ್ತುತ್ತಾರೆ; ಅಂಥ ಪ್ಯಾಚು ಮುಂದಿನ ತಿರುವಿನವರೆಗೆ ಮಾತ್ರ ಬಾಳುತ್ತದೆ. ತೂತನ್ನು ಮುಚ್ಚಿದರೆ ಸಾಲದು. ತೂತು ಮಾಡಿದ ಜಾಲಿಮುಳ್ಳೋ ಲಾಳದ ಮೊಳೆಯೋ ಇನ್ನೂ ಟೈರಿನಲ್ಲಿಯೇ ಕುಳಿತಿರಬಹುದು. ಬಟ್ಟೆಯನ್ನು ಒಳಗೆಲ್ಲ ಆಡಿಸಿ, ಅದು ಸಿಕ್ಕಿಕೊಂಡ ಕಡೆ ಹುಡುಕಿ ಕೀಳಬೇಕು. ಕಾರಣವನ್ನು ಉಳಿಸಿ ಕಾರ್ಯವನ್ನು ಮಾತ್ರ ಸರಿಪಡಿಸಿದವನು ಮರುದಿನ ಮತ್ತೆ ಅದೇ ಕೆಲಸಕ್ಕೆ ಕೂರುತ್ತಾನೆ.

ತೊಡಿಸುವಾಗ ಟ್ಯೂಬಿಗೆ ಅದು ದುಂಡಾಗುವಷ್ಟು ಗಾಳಿಯನ್ನು ತುಂಬಿ ಒಳಗಿಡಬೇಕು. ಮಡಿಕೆಯಾಗಿ ಬಿದ್ದ ಟ್ಯೂಬು ಲಿವರಿನ ಬಾಯಿಗೆ ಸಿಕ್ಕಿ, ಒಂದು ತೂತನ್ನು ಮುಚ್ಚಲು ಹೋದ ಕೈ ಎರಡು ಹೊಸ ತೂತುಗಳನ್ನು ಮಾಡುತ್ತದೆ. ಟೈರಿನ ಮಗ್ಗುಲಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ಉರುಳುವ ದಿಕ್ಕಿಗೆ ಇರಬೇಕು. ಈಗ ವಾಲ್ವಿನ ಎದುರು ಕಡೆಯಿಂದ ಆರಂಭಿಸಿ ವಾಲ್ವಿನ ಬಳಿ ಮುಗಿಸಬೇಕು. ಕಳಚುವಾಗ ಎಲ್ಲಿ ಆರಂಭವೋ, ತೊಡಿಸುವಾಗ ಅಲ್ಲಿಯೇ ಮುಕ್ತಾಯ. ಗಾಳಿ ತುಂಬಿದ ಮೇಲೆ ಅಂಚಿನ ಸಮೀಪದ ಗೆರೆಯು ರಿಮ್ಮಿನ ಸುತ್ತಲೂ ಒಂದೇ ಅಂತರದಲ್ಲಿದೆಯೇ ಎಂದು ನೋಡಬೇಕು. ತಯಾರಕರು ಸೂಚಿಸಿದ ಒತ್ತಡವನ್ನು ಮೀರಬಾರದು. ಚಕ್ರವನ್ನು ಮರಳಿ ಕೂರಿಸಿದ ಬಳಿಕ ನಟ್ಟುಗಳು ಬಿಗಿಯಾಗಿವೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ಪರೀಕ್ಷಿಸದೆ ರಸ್ತೆಗಿಳಿಯಬಾರದು.

ಕೈಗೆ ವಿದ್ಯೆ ಬಂತೆಂದು ಎಲ್ಲ ಚಕ್ರಗಳನ್ನೂ ಮುಟ್ಟಲು ಹೋಗುವುದು ಅಪಾಯಕರ. ಹಲವು ಸ್ಕೂಟರುಗಳ ರಿಮ್ಮು ಎರಡು ಹೋಳುಗಳನ್ನು ನಟ್ಟುಗಳಿಂದ ಸೇರಿಸಿ ಮಾಡಿದುದು. ಗಾಳಿ ಬಿಡದೆ ಆ ನಟ್ಟುಗಳನ್ನು ಸಡಿಲಿಸಿದರೆ ಹೋಳುಗಳು ಸಿಡಿದು ಕೈಯನ್ನೋ ಮುಖವನ್ನೋ ಘಾಸಿಗೊಳಿಸುತ್ತವೆ. ಬಿಗಿಬಳೆಯಿಂದ ಟೈರನ್ನು ಹಿಡಿದಿಡುವ ಲಾರಿಯ ಚಕ್ರವಂತೂ ಮನೆಯ ಅಂಗಳದ ಕೆಲಸವೇ ಅಲ್ಲ; ಆ ಬಳೆ ಚಿಮ್ಮಿದರೆ ಪ್ರಾಣಾಪಾಯ ತಪ್ಪಿದ್ದಲ್ಲ. ಅದಕ್ಕೆ ಗಾಳಿ ತುಂಬುವಾಗ ಬಲ್ಲವರು ಚಕ್ರವನ್ನು ಕಬ್ಬಿಣದ ಪಂಜರದೊಳಗೆ ಇಡುತ್ತಾರೆ. ಈಗ ಹೆಚ್ಚಾಗಿ ಬಳಕೆಗೆ ಬಂದಿರುವ, ಟ್ಯೂಬಿಲ್ಲದ ಟೈರಿನ ಅಂಚು ಗಾಳಿ ಸೋರದಂತೆ ಕೂರಬೇಕಾದರೆ ಕೈಪಂಪಿನ ಗಾಳಿ ಅನೇಕ ವೇಳೆ ಸಾಲದು. ಯಂತ್ರದ ರಭಸ ಬೇಕು. ಎಲ್ಲಿ ನಿಲ್ಲಬೇಕೆಂಬ ತಿಳಿವೂ ವಿದ್ಯೆಯ ಒಂದು ಭಾಗವೇ.

ರಸ್ತೆಯ ಬದಿಯಲ್ಲಿ, ಹಳೆಯ ಟೈರೊಂದನ್ನು ಕಂಬಕ್ಕೆ ತೂಗುಹಾಕಿ ಕುಳಿತ ಪಂಚರ್ ಅಂಗಡಿಯವನನ್ನು ಜನರು ಸಾಮಾನ್ಯವಾಗಿ ಅವಸರಪಡಿಸುತ್ತಾರೆ. ಕೂಲಿಗಾಗಿ ಚೌಕಾಸಿ ಮಾಡುತ್ತಾರೆ. ಒಮ್ಮೆಯಾದರೂ ತನ್ನ ಕೈಯಿಂದ ಟೈರನ್ನು ಕಳಚಿ ತೊಡಿಸಿದವನು ಹಾಗೆ ಮಾಡಲಾರನು. ಆತನು ಕಾಲಿನಿಂದ ಒತ್ತುವ ಜಾಗ, ಲಿವರನ್ನು ಇಡುವ ಅಂತರ, ಟ್ಯೂಬನ್ನು ನೇವರಿಸುವ ಬೆರಳು, ಎಲ್ಲದರಲ್ಲಿಯೂ ಎಷ್ಟು ತಿಳಿವಳಿಕೆ ಅಡಗಿದೆಯೆಂದು ಅವನಿಗೆ ಗೊತ್ತು. ತಾನು ಅರ್ಧ ದಿನ ಹೆಣಗಿದುದನ್ನು ಆತನು ಕೆಲವೇ ನಿಮಿಷಗಳಲ್ಲಿ ಮುಗಿಸುವುದು ತೋಳಿನ ಬಲದಿಂದಲ್ಲ ಎಂಬುದೂ ಗೊತ್ತು. ಮನೆಯಲ್ಲಿ ಈ ಕೆಲಸ ಕಲಿತವನಿಗೆ ಉಳಿಯುವುದು ಕೆಲವು ರೂಪಾಯಿಗಳು ಮಾತ್ರವಲ್ಲ. ನಿರ್ಜನವಾದ ದಾರಿಯಲ್ಲಿ ಚಕ್ರವು ಸೊರಗಿ ನಿಂತಾಗ ಅವನು ಕಂಗೆಡುವುದಿಲ್ಲ. ಲಿವರನ್ನು ಕೈಗೆತ್ತಿಕೊಳ್ಳುವ ಮೊದಲು ಎದುರು ಕಡೆಯ ಅಂಚು ಹಳ್ಳಕ್ಕೆ ಇಳಿದಿದೆಯೇ ಎಂದು ನೋಡುತ್ತಾನೆ.