ರೆಗ್ಯುಲೇಶನ್ 106

ಸಂಡೂರು ತಾಲ್ಲೂಕಿನ ನಮ್ಮೂರು ವಡ್ಡಿನಲ್ಲಿ ಎಂಜಿನಿಯರ್ ಆದವನು ಮತ್ತೆ ಪುಸ್ತಕ ಹಿಡಿದು ಕೂತರೆ ಊರಿಗೆ ಅನುಮಾನ ಬರುತ್ತದೆ. "ಡಿಗ್ರಿ ಮುಗೀತಲ್ಲೋ, ಮತ್ತೇನ್ ಓದಾಕತ್ತಿ? ಯಾವ್ದರ ಸಬ್ಜೆಕ್ಟ್ ಉಳಿದೈತೇನು?" ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳುತ್ತಿದ್ದರು. ಅವರದ್ದೇನೂ ತಪ್ಪಿಲ್ಲ. ಸಿವಿಲ್ ಓದಿದವನು ಊರಿಗೆ ಬಂದು ಮನೆ ಕಟ್ಟಿಸುತ್ತಾನೆ, ಕಂಪ್ಯೂಟರ್ ಓದಿದವನು ಬೆಂಗಳೂರು ಬಸ್ ಹತ್ತುತ್ತಾನೆ. ಗಣಿ ಎಂಜಿನಿಯರಿಂಗ್ ಓದಿದವನು ಮಾತ್ರ ಡಿಗ್ರಿ ಹಿಡಿದುಕೊಂಡು ಗಣಿ ನಡೆಸುವಂತಿಲ್ಲ. ಧನ್‌ಬಾದ್‌ನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ನಡೆಸುವ ಪರೀಕ್ಷೆ ಪಾಸಾಗಿ ಮ್ಯಾನೇಜರ್ ಸರ್ಟಿಫಿಕೇಟ್ ತರಬೇಕು. ಡಿಗ್ರಿಯವರಿಗೆ ಬೇರೆ ಪತ್ರಿಕೆಗಳಲ್ಲಿ ವಿನಾಯಿತಿ ಉಂಟು, ಕಾನೂನಿನ ಪತ್ರಿಕೆಯಿಂದ ಯಾರಿಗೂ ಬಿಡುಗಡೆಯಿಲ್ಲ. ನಮ್ಮ ಕಾಲಕ್ಕೆ ಆ ಪತ್ರಿಕೆಯೆಂದರೆ 1952ರ ಗಣಿ ಕಾಯ್ದೆ ಮತ್ತು 1961ರ ಲೋಹ ಗಣಿಗಳ ರೆಗ್ಯುಲೇಶನ್; ಎರಡನೆಯದು ಮೈನ್ಸಿನವರ ಬಾಯಲ್ಲಿ ಬರೀ 'ಎಂಎಂಆರ್'.

ಪರೀಕ್ಷೆಗೆ ಮೂರ್ನಾಲ್ಕು ತಿಂಗಳು ಉಳಿದಾಗ ಈ ಎಂಎಂಆರ್ ತಲೆಗೆ ಹತ್ತುತ್ತದೆ. ಅದರಲ್ಲೂ 106ನೆಯ ರೆಗ್ಯುಲೇಶನ್. ತೆರೆದ ಗಣಿಯವರಿಗೆ ಅದೇ ಗಾಯತ್ರಿ. ಸಡಿಲ ಮಣ್ಣು, ಮೊರಂ ಇದ್ದಲ್ಲಿ ಗೋಡೆಯನ್ನು 45 ಡಿಗ್ರಿಗಿಂತ ಕಡಿದಾಗಿ ಬಿಡಬಾರದು, ಇಲ್ಲವೇ ಬೆಂಚ್ ಕಡಿಯಬೇಕು. ಬೆಂಚಿನ ಎತ್ತರ 1.5 ಮೀಟರ್ ಮೀರಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ಗಟ್ಟಿ ನೆಲವಾದರೆ ಎತ್ತರ 6 ಮೀಟರ್‌ವರೆಗೆ. ಅಂಚಿನಿಂದ 3 ಮೀಟರ್ ಒಳಗೆ ಮರ, ಸಡಿಲ ಕಲ್ಲು, ಕಸಕಡ್ಡಿ ಯಾವುದೂ ಇರಕೂಡದು. ಇಷ್ಟು ಕಂಠಪಾಠ ಆದಮೇಲೆ ಕಣ್ಣು ಸುಮ್ಮನಿರಬೇಕಲ್ಲ! ಹಿತ್ತಲಲ್ಲಿ ಸಂಡಾಸದ ಗುಂಡಿ ತೋಡುತ್ತಿದ್ದರು. ಆಳು ಎದೆಮಟ್ಟ ಇಳಿದಿದ್ದ, ಗೋಡೆ ನೆಟ್ಟಗೆ ನಿಂತಿತ್ತು, ತೆಗೆದ ಮಣ್ಣೆಲ್ಲ ಅಂಚಿನಲ್ಲೇ ಗುಡ್ಡೆ. ನಾನು ಹೋಗಿ, ಮಣ್ಣು ಮೂರು ಮೀಟರ್ ಆಚೆ ಹಾಕಬೇಕು, ಬದಿ ಇಳಿಜಾರು ಮಾಡಬೇಕು ಎಂದೆ. ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ಅಳತೆಯ ದಾರ ತೋರಿಸಿದ: "ಸಾಹೇಬ್ರ, ನಿಮ್ ಲೆಕ್ಕದಾಗ ತೋಡಿದ್ರ ಗುಂಡಿ ಹೋಗಿ ಪಕ್ಕದ ಮನಿಯವ್ರ ಅಡಿಗಿ ಮನ್ಯಾಗ ಮುಗೀತೈತಿ." ಆದರೂ ಸಂಜೆ ಹೊತ್ತಿಗೆ ಮಣ್ಣಿನ ಗುಡ್ಡೆ ಅಂಚಿನಿಂದ ದೂರ ಸರಿದಿತ್ತು. ಯಾಕೆಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾನು ಓದಿದ್ದು ಕೆಜಿಎಫ್‌ನಲ್ಲಿ. ಚಿನ್ನದ ಗಣಿ 2001ರಲ್ಲಿ ಬಾಗಿಲು ಹಾಕಿತ್ತು, ಸೈನೈಡ್ ಮಣ್ಣಿನ ಬಿಳಿ ದಿಬ್ಬಗಳಷ್ಟೇ ನಮ್ಮ ಪಾಲಿಗೆ ಉಳಿದಿದ್ದವು. ಈ ಪರೀಕ್ಷೆಯ ಬೇರು ಅದೇ ನೆಲದಲ್ಲಿದೆ ಎಂದು ಅಲ್ಲಿದ್ದಾಗ ನನಗೆ ಯಾರೂ ಹೇಳಲಿಲ್ಲ. ವಡ್ಡಿಗೆ ಬಂದು ಕಾಯ್ದೆಯ ಹಿನ್ನೆಲೆ ಓದುವಾಗ ಗೊತ್ತಾಯಿತು. 1897ರಲ್ಲಿ ಕೋಲಾರದ ಗಣಿಯಲ್ಲಿ ಆದ ಅವಘಡದಲ್ಲಿ 52 ಜನ ಸತ್ತರು. ಅದರ ಬೆನ್ನಿಗೇ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಜನ. ಆಮೇಲೆ ಸರ್ಕಾರಕ್ಕೆ ಅವಸರ ಹುಟ್ಟಿ 1901ರಲ್ಲಿ ಮೊದಲ ಗಣಿ ಕಾಯ್ದೆ ಬಂತು. 1902ರ ಜನವರಿ 7ರಂದು ಕಲ್ಕತ್ತದಲ್ಲಿ ತಪಾಸಣೆಯ ಕಚೇರಿ ತೆರೆಯಿತು, 1908ರಲ್ಲಿ ಅದು ಧನ್‌ಬಾದ್‌ಗೆ ಹೋಯಿತು. ಕೋಲಾರದಲ್ಲಿ ಹುಟ್ಟಿದ ಭಯ ಕಲ್ಕತ್ತ, ಧನ್‌ಬಾದ್ ಸುತ್ತಿ, ಇಂಗ್ಲಿಷ್ ಕಲಿತು, ದಪ್ಪ ರಟ್ಟಿನ ಪುಸ್ತಕವಾಗಿ ಸಂಡೂರಿಗೆ ವಾಪಸ್ ಬಂದಿದೆ.

ಸಂಡೂರಿಗೂ ಗಣಿ ಹೊಸದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಗಳನ್ನು ಸುತ್ತಿ ಬಳ್ಳಾರಿ ಜಿಲ್ಲೆಯ ಶಿಲೆಗಳ ಕಥೆ ಬರೆದದ್ದು 19ನೆಯ ಶತಮಾನದಲ್ಲೇ. ಕಳೆದ ಶತಮಾನದ ಆರಂಭದಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಮ್ಯಾಂಗನೀಸ್ ತೆಗೆಯಿತು. 1954ರಲ್ಲಿ ಘೋರ್ಪಡೆ ಅರಸು ಮನೆತನದ ಸ್ಮಯೋರ್ ಕಂಪನಿ, 1977ರಲ್ಲಿ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಎನ್‌ಎಂಡಿಸಿ. ಆಮೇಲೆ ಚೀನಾದಲ್ಲಿ ಅದಿರಿನ ದರ ಏರಿತು, ಟಿಪ್ಪರ್‌ಗಳು ಬಂದವು. ಅಕ್ರಮ ಗಣಿಗಾರಿಕೆಯ ಆ ಕಥೆ ಎಲ್ಲರಿಗೂ ಗೊತ್ತು.

ನನ್ನ ಓದಿನ ಕೊನೆಯ ತಿಂಗಳುಗಳಿಗೂ 2011ಕ್ಕೂ ಗಂಟು ಬಿತ್ತು. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಒಂದು ವಾರ ಕಳೆದ ಮೇಲೆ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅನುಮತಿ ಸಿಕ್ಕಿತು, ನಾನು ಕೆಲಸಕ್ಕಿದ್ದ ಗಣಿಯೂ ಸೇರಿ ಉಳಿದವೆಲ್ಲ ಬಂದ್. ತೋರಣಗಲ್ಲು ರಸ್ತೆಯಲ್ಲಿ ಟಿಪ್ಪರ್‌ಗಳು ಸಾಲಾಗಿ ನಿಂತವು. ಮಳೆ ಬಿದ್ದು ಬೇವಿನ ಮರಗಳು ಹಸಿರಾದವು. ಅದಿರಿನ ಕೆಂಪು ದೂಳಿನಲ್ಲಿ ಅವುಗಳ ಎಲೆ ಹಸಿರು ಎಂಬುದೇ ಮರೆತುಹೋಗಿತ್ತು. ಡ್ಯೂಟಿ ಇಲ್ಲ, ಸಂಬಳ ಇಲ್ಲ, ಓದಲು ಬೇಕಾದಷ್ಟು ಹೊತ್ತು. "ಮೈನ್ಸೇ ಇಲ್ಲ, ಮ್ಯಾನೇಜರ್ ಆಗಿ ಯಾರ್ನ ಮ್ಯಾನೇಜ್ ಮಾಡ್ತಿ?" ಎಂದು ಅಪ್ಪ ಕೇಳಿದರೆ ಉತ್ತರವಿರಲಿಲ್ಲ.

ತಮಾಷೆಯೆಂದರೆ, ಗುತ್ತಿಗೆಯ ಗಡಿಯಿಂದ 7.5 ಮೀಟರ್ ಜಾಗ ಮುಟ್ಟದೆ ಬಿಡಬೇಕೆಂಬ ನಿಯಮವನ್ನು ನಾನು ಬೆಳಿಗ್ಗೆ ಉರು ಹೊಡೆಯುತ್ತಿದ್ದೆ. ಆ 7.5 ಮೀಟರ್ ಹಾಗಿರಲಿ, ಗಡಿಗಲ್ಲನ್ನೇ ದಾಟಿ ಎಷ್ಟು ದೂರ ಅಗೆದಿದ್ದಾರೆ ಎಂದು ಅದೇ ಹೊತ್ತಿಗೆ ಬೆಟ್ಟದ ಮೇಲೆ ಸರ್ವೆ ತಂಡಗಳು ಅಳೆಯುತ್ತಿದ್ದವು. ಗಡಿಯಾಚೆಯ ಅಗೆತ ಗುತ್ತಿಗೆ ಜಾಗದ ಶೇ 10ರ ಒಳಗಿದ್ದರೆ, ಮಣ್ಣಿನ ರಾಶಿ ಶೇ 15ರ ಒಳಗಿದ್ದರೆ ಆ ಗಣಿ 'ಬಿ' ವರ್ಗ, ಅದನ್ನೂ ಮೀರಿದರೆ 'ಸಿ'. 'ಸಿ' ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್ 18ರ ತೀರ್ಪು ರದ್ದು ಮಾಡಿತು. ಅಂಥ ಗಣಿಗಳಲ್ಲೂ ಇದೇ ಪುಸ್ತಕ ಓದಿ ಪಾಸಾದ ಮ್ಯಾನೇಜರ್‌ಗಳಿದ್ದರು, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಕಾಯ್ದೆ ಮಾಲೀಕ, ಏಜೆಂಟ್, ಮ್ಯಾನೇಜರ್ ಮೂವರ ಮೇಲೂ ಹೊಣೆ ಹೊರಿಸುತ್ತಿತ್ತು. ಪರೀಕ್ಷೆ ಬರೆಯುವವನು ಮಾತ್ರ ಒಬ್ಬನೇ. ಮಾಲೀಕರಿಗೂ ಒಂದು ಪತ್ರಿಕೆ ಇಡಬೇಕಿತ್ತು ಎಂಬುದು ನನ್ನ ಹಳೆಯ ತಕರಾರು. 106 ಒಂದನ್ನೇ ಕೇಳಿದರೂ ಸಾಕು.

ನಮ್ಮ ಕಾಲಕ್ಕೆ ಅದು ಪುಟಗಟ್ಟಲೆ ಬರೆಯುವ ಪರೀಕ್ಷೆ. ಕೊನೆಯ ವಾರಗಳಲ್ಲಿ ತಲೆಗಿಂತ ಮಣಿಕಟ್ಟಿಗೇ ಹೆಚ್ಚು ತಾಲೀಮು. ಈಗ ಕಂಪ್ಯೂಟರ್ ಮುಂದೆ ಕೂತು ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುತ್ತಾರೆ. ಬೇಗ ಮುಗಿಯುತ್ತದೆ, ಮೌಲ್ಯಮಾಪನದ ಜಗಳವೂ ಇಲ್ಲ. ಆದರೆ ಕುಸಿಯುವ ಬೆಂಚಿನ ಮುಂದೆ ನಿಂತಾಗ ನಾಲ್ಕು ಉತ್ತರ ಯಾರೂ ಕೊಡುವುದಿಲ್ಲವಾದ್ದರಿಂದ, ಹಳೆಯ ಪದ್ಧತಿಯೇ ವಾಸಿಯಿತ್ತು ಎನ್ನುವವರ ಪಕ್ಷ ನನ್ನದು. ನಾನು ಪಾಸಾದೆ. ಕೆಲಸ ಮಾತ್ರ ಗಣಿಗಳು ಒಂದೊಂದಾಗಿ ತೆರೆದ ಮೇಲೆಯೇ ಸಿಕ್ಕಿತು.

ನಮ್ಮ ಕಡೆಯ ಹುಡುಗರು ಈಗಲೂ ಪುಸ್ತಕ ಕೇಳಿಕೊಂಡು ಬರುತ್ತಾರೆ. ನನ್ನ ಎಂಎಂಆರ್ ಪ್ರತಿಯ ಅಂಚಿಗೆಲ್ಲ ಅದಿರಿನ ಕೆಂಪು ಹತ್ತಿದೆ, 106ರ ಪುಟ ಹೊಲಿಗೆ ಬಿಟ್ಟಿದೆ. ಕೊಡಲು ಅಡ್ಡಿಯಿಲ್ಲ. ಆದರೆ 2025ರ ನವೆಂಬರ್ 21ರಿಂದ 1952ರ ಕಾಯ್ದೆಯ ಜಾಗಕ್ಕೆ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಆದ್ದರಿಂದ ತಮ್ಮಂದಿರೇ, ನನ್ನಂಥ ಹಿರಿಯರಿಂದ ಪುಸ್ತಕ ಕಡ ತರುವ ಮುಂಚೆ ಮುದ್ರಣದ ವರ್ಷ ನೋಡಿಕೊಳ್ಳಿ.