ಸರಿಯುವ ನೆಲ

ಸಿದ್ದಾಪುರದ ಭತ್ತದ ಗದ್ದೆಯ ಬದುವಿನ ಮೇಲೆ ನಿಂತರೆ ನೆಲದಷ್ಟು ನಂಬಿಗಸ್ತ ಬೇರೆ ಯಾರೂ ಇಲ್ಲ ಅನಿಸುತ್ತದೆ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಅಳತೆಯಂತೆ ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಲೇ ಇದೆ. ಹಿಮಾಲಯದಡಿ ಕೂಡಿಬಿದ್ದ ಆ ಒತ್ತಡ 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಸಿಡಿಯಿತು. ಬಂಡೆ ಎಷ್ಟು ವೇಗದಲ್ಲಿ ಸೀಳಿತೆಂದು ಕಂಪನಮಾಪಕಗಳು ಹೇಳಿದವು. ಕಠ್ಮಂಡು ಸುಮಾರು 1 ಮೀಟರ್ ಮೇಲೆದ್ದದ್ದನ್ನು ಉಪಗ್ರಹಗಳು ತೋರಿಸಿದವು. ಒಂದು ನಡುಕದ ಕಥೆ, ಇನ್ನೊಂದು ನಡುಕ ನಿಂತ ಮೇಲೆ ಉಳಿದದ್ದರ ಲೆಕ್ಕ.

ಹಿಮಾಲಯ ದೂರವೆಂದು ಸುಮ್ಮನಿರುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮದೇ ದಖ್ಖನ್ನಿನ ಕಿಲ್ಲಾರಿ ಕುಸಿಯಿತು. ಮಲಗಿದವರ ಮೇಲೆ ಬಿದ್ದದ್ದು ಕಲ್ಲು-ಮಣ್ಣಿನ ದಪ್ಪ ಗೋಡೆಗಳು. ನಮ್ಮ ಹಳೆಮನೆಯದೂ ಅಂಥದೇ ಗೋಡೆ. ನೆಲವನ್ನು ಉಪಗ್ರಹ ಅಳೆಯುತ್ತದೆ. ಗೋಡೆಯನ್ನು ನಾವೇ ನೋಡಿಕೊಳ್ಳಬೇಕು.